ನೀನು ಯಾರ ಕಡೆ?

ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ - ನಮ್ಮ ಈ ತಾಲೂಕುಗಳಲ್ಲಿ ಫುಟ್ಬಾಲ್ ಆಡುವವರಿಗಿಂತ ನೋಡುವವರೇ ಹೆಚ್ಚು. ನಮ್ಮ ಮಣ್ಣಿನ ಆಟಗಳೆಂದರೆ ಕುಸ್ತಿ, ಕಬಡ್ಡಿ, ಖೋ ಖೋ; ಅದರ ಮೇಲೆ ಎಲ್ಲ ಕಡೆ ಇರುವಂತೆ ಕ್ರಿಕೆಟ್. ಆದರೂ ದೇಶ ದೇಶಗಳ ತಂಡಗಳು ಸೆಣಸುವ ದೊಡ್ಡ ಫುಟ್ಬಾಲ್ ಪಂದ್ಯಾವಳಿ ಬಂತೆಂದರೆ ಅದು ನಮ್ಮ ಮನೆಯೊಳಗೂ ಬರುತ್ತದೆ. ಹುಡುಗರು ಮೊಬೈಲು ಹಿಡಿದು ಕೂರುತ್ತಾರೆ. ಚಹಾದ ಅಂಗಡಿಯಲ್ಲಿ ವಾದ ಶುರುವಾಗುತ್ತದೆ. ನಿಮ್ಮ ಮಗ ಒಂದು ದಿನ ಶಾಲೆಯಿಂದ ಬಂದು, "ಅಬ್ಬಾ, ನೀನು ಯಾರ ಕಡೆ ಅಂತ ಎಲ್ಲರೂ ನನ್ನನ್ನೇ ಕೇಳುತ್ತಾರೆ. ಏನು ಹೇಳಲಿ?" ಎಂದರೆ ನಿಮ್ಮಲ್ಲಿ ಉತ್ತರವಿದೆಯೇ?

ಆಟದ ಮಾತಿಗೆ ಧರ್ಮದಲ್ಲೇನು ಉತ್ತರ ಎಂದು ತಳ್ಳಿಹಾಕಬೇಡಿ. ಪ್ರವಾದಿ(ಸ)ಯವರ ಕಾಲದಲ್ಲಿ ಕುದುರೆಗಳ ಓಟವಿತ್ತು, ಒಂಟೆಗಳ ಓಟವಿತ್ತು, ಬಿಲ್ಲುಗಾರಿಕೆಯಿತ್ತು. ಅವರು ಹ. ಆಯಿಶಾ(ರ)ರೊಂದಿಗೆ ಓಟದ ಪಂದ್ಯ ಹೂಡಿ ಒಮ್ಮೆ ಸೋತರು, ಮುಂದೊಂದು ದಿನ ಗೆದ್ದರು ಎಂದು ಅಬೂದಾವೂದ್‌ನಲ್ಲಿದೆ. ಅಂದರೆ ಆಟ ತಾನಾಗಿ ಪಾಪವಲ್ಲ. ಇನ್ನು ಮಗನ ಪ್ರಶ್ನೆಗೆ ಹತ್ತಿರದ ಘಟನೆಯೊಂದು ಸಹೀಹ್ ಬುಖಾರಿಯಲ್ಲಿದೆ. ವರದಿ ಮಾಡಿದವರು ಹ. ಸಲಮಾ ಬಿನ್ ಅಕ್ವ(ರ). ಅಸ್ಲಮ್ ಗೋತ್ರದ ಕೆಲವರು ಎರಡು ಪಂಗಡವಾಗಿ ಬಾಣ ಬಿಡುವ ಪಂದ್ಯ ಆಡುತ್ತಿದ್ದರು. ಅತ್ತ ಬಂದ ಪ್ರವಾದಿ(ಸ)ಯವರು ಅವರನ್ನು ಹುರಿದುಂಬಿಸಿ, ಅವರ ಪಿತಾಮಹ ಇಸ್ಮಾಯೀಲ್(ಅ)ರೂ ಬಿಲ್ಲುಗಾರರಾಗಿದ್ದುದನ್ನು ನೆನಪಿಸಿ, ತಾನು ಇಂಥ ಪಂಗಡದ ಕಡೆಗಿದ್ದೇನೆ ಎಂದರು. ಕೂಡಲೇ ಎದುರು ಪಂಗಡದವರು ಕೈ ತಡೆದು ನಿಂತುಬಿಟ್ಟರು. ಕಾರಣ ಕೇಳಿದಾಗ, ತಾವು ಅವರ ಕಡೆಗಿರುವಾಗ ನಾವು ಬಾಣ ಬಿಡುವುದಾದರೂ ಹೇಗೆ ಎಂದರು. ಆಗ ಪ್ರವಾದಿ(ಸ)ಯವರು, ಬಾಣ ಬಿಡಿ, ನಾನು ಎರಡೂ ಕಡೆಯವರ ಜೊತೆಗಿದ್ದೇನೆ ಎಂಬರ್ಥದ ಮಾತು ಹೇಳಿದರು. ಆಟ ಮುಂದುವರಿಯಿತು.

ಇದರಲ್ಲಿ ಎರಡು ಸಂಗತಿಗಳನ್ನು ಗಮನಿಸಿ. ಒಂದು ಪಂಗಡದ ಕಡೆ ವಾಲುವುದನ್ನು ಪ್ರವಾದಿ(ಸ)ಯವರು ತಪ್ಪೆನ್ನಲಿಲ್ಲ. ಮೊದಲು ತಾವೇ ವಾಲಿದರು. ಆದರೆ ತಮ್ಮ ಒಲವಿನಿಂದ ಇನ್ನೊಬ್ಬರ ಮನಸ್ಸು ಕುಗ್ಗಿತೆಂದು ಕಂಡೊಡನೆ ಅದನ್ನು ಎಲ್ಲರಿಗೂ ಹಂಚಿದರು. ಈ ಘಟನೆ ಅಂಗಳದ ಹೊರಗೆ ನಿಂತು ಕೂಗುವ ನಮಗೇ ಪಾಠ.

2023ರ ಜೂನ್ 21ರಿಂದ ಜುಲೈ 4ರವರೆಗೆ ಬೆಂಗಳೂರಿನ ಕಂಠೀರವ ಕ್ರೀಡಾಂಗಣದಲ್ಲಿ ನಡೆದ ಸ್ಯಾಫ್ ಚಾಂಪಿಯನ್‌ಶಿಪ್ ನಿಮಗೆ ನೆನಪಿರಬಹುದು. ಎಂಟು ದೇಶಗಳ ತಂಡಗಳಿದ್ದವು. ದಕ್ಷಿಣ ಏಷ್ಯಾದ ಆರರ ಜೊತೆಗೆ ಕುವೈತ್ ಮತ್ತು ಲೆಬನಾನನ್ನೂ ಆಹ್ವಾನಿಸಲಾಗಿತ್ತು. ಮೊದಲ ದಿನವೇ ಭಾರತ-ಪಾಕಿಸ್ತಾನ ಪಂದ್ಯ. ವೀಸಾ ತಡವಾದ್ದರಿಂದ ಪಾಕಿಸ್ತಾನದ ತಂಡ ಪಂದ್ಯದ ದಿನವೇ ಬೆಂಗಳೂರು ಮುಟ್ಟಿತ್ತು. ಸುನಿಲ್ ಛೇಟ್ರಿ ಮೂರು ಗೋಲು ಹೊಡೆದರು. ಭಾರತ 4-0ರಿಂದ ಗೆದ್ದಿತು. ಇಂಥ ದಿನಗಳಲ್ಲೇ ನಮ್ಮ ಮಕ್ಕಳಿಗೆ ಆ ಪ್ರಶ್ನೆ ಎದುರಾಗುವುದು. ಕೇಳುವವರಲ್ಲಿ ಕೆಲವರು ಸಲುಗೆಯಿಂದ ಕೇಳುತ್ತಾರೆ, ಕೆಲವರು ಚುಚ್ಚಲೆಂದೇ ಕೇಳುತ್ತಾರೆ.

ಮಗನಿಗೆ ನೇರವಾಗಿ ಹೇಳಿ: ನೀನು ಹುಟ್ಟಿದ ನಾಡಿನ ತಂಡ ಗೆಲ್ಲಲೆಂದು ಬಯಸುವುದರಲ್ಲಿ ನಾಚಿಕೆಯಿಲ್ಲ, ಅದನ್ನು ಅರಚಿ ಸಾಬೀತುಪಡಿಸುವ ಹಂಗೂ ನಿನಗಿಲ್ಲ. ತನ್ನ ಜನರನ್ನು ಪ್ರೀತಿಸುವುದು ಪಕ್ಷಪಾತವೇ ಎಂದು ಒಬ್ಬರು ಕೇಳಿದಾಗ ಪ್ರವಾದಿ(ಸ)ಯವರು ಅಲ್ಲವೆಂದರೆಂದೂ, ಅನ್ಯಾಯದಲ್ಲಿ ತನ್ನ ಜನರಿಗೆ ನೆರವಾಗುವುದೇ ಪಕ್ಷಪಾತವೆಂದು ತಿಳಿಸಿದರೆಂದೂ ಇಬ್ನುಮಾಜಾದಲ್ಲಿ ವರದಿಯಿದೆ. ಹಾಗೆಯೇ, ಎದುರಿನ ತಂಡದವರು ಕಲಿಮಾ ಹೇಳುವವರೆಂಬ ಕಾರಣಕ್ಕೆ ಆಟದ ಗೋಲನ್ನು ದೀನಿನ ಗೆಲುವೆಂದು ತಿಳಿಯುವುದೂ ಅವಿವೇಕವೇ. ಚೆಂಡಿಗೆ ಈಮಾನ್ ಇಲ್ಲ.

ಈ ನಾಡಿನ ಫುಟ್ಬಾಲಿನಲ್ಲಿ ನಮ್ಮವರ ಬೆವರು ಎಷ್ಟಿದೆ ಎಂಬುದನ್ನೂ ಅವನಿಗೆ ತಿಳಿಸಿ. ಬೆಂಗಳೂರಿನ ಅಹ್ಮದ್ ಖಾನ್ 1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಬರಿಗಾಲಿನಲ್ಲಿ ಆಡಿದವರು. ಅಂದು ಭಾರತ ಫ್ರಾನ್ಸ್‌ಗೆ 1-2ರಿಂದ ಸೋತಿತು. 1951ರಲ್ಲಿ ದೆಹಲಿಯ ಏಷ್ಯನ್ ಕ್ರೀಡಾಕೂಟದಲ್ಲಿ ಚಿನ್ನ ಗೆದ್ದ ತಂಡದಲ್ಲಿ ಅವರಿದ್ದರು. ತರಬೇತುದಾರರು ಹೈದರಾಬಾದಿನ ಶಿಕ್ಷಕ ಸೈಯದ್ ಅಬ್ದುಲ್ ರಹೀಮ್. ಮರುವರ್ಷ ಹೆಲ್ಸಿಂಕಿಯಲ್ಲಿ ಯುಗೊಸ್ಲಾವಿಯದೆದುರು 1-10ರ ಸೋಲು. ಆ ಒಂದು ಗೋಲು ಅಹ್ಮದ್ ಖಾನರದ್ದು. 1962ರಲ್ಲಿ ಜಕಾರ್ತದಲ್ಲಿ ರಹೀಮ್ ಸಾಹೇಬರ ತಂಡ ದಕ್ಷಿಣ ಕೊರಿಯಾವನ್ನು 2-1ರಿಂದ ಸೋಲಿಸಿ ಮತ್ತೆ ಚಿನ್ನ ತಂದಿತು. ಮರುವರ್ಷವೇ ಕ್ಯಾನ್ಸರಿನಿಂದ ಅವರು ತೀರಿಕೊಂಡರು. ಇವರ ಹೆಸರು ನಮ್ಮ ಮಕ್ಕಳಲ್ಲಿ ಎಷ್ಟು ಮಂದಿಗೆ ಗೊತ್ತು?

ಅದೇ ಸ್ಯಾಫ್ ಪಂದ್ಯಾವಳಿಯ ಇನ್ನೊಂದು ರಾತ್ರಿ ನನ್ನ ಮನಸ್ಸಿನಲ್ಲಿ ಉಳಿದಿದೆ. ಜೂನ್ 27ರಂದು ಕುವೈತ್ ಎದುರು ಭಾರತ 1-0ರಿಂದ ಮುಂದಿತ್ತು. ತೊಂಬತ್ತು ನಿಮಿಷ ಮುಗಿದು ಹೆಚ್ಚುವರಿ ನಿಮಿಷಗಳು ಓಡುತ್ತಿದ್ದಾಗ ನಮ್ಮ ರಕ್ಷಣಾ ಆಟಗಾರ ಅನ್ವರ್ ಅಲಿಯವರ ಕಾಲಿಗೆ ತಾಗಿದ ಚೆಂಡು ನಮ್ಮದೇ ಗೋಲಿನೊಳಗೆ ಹೋಯಿತು. ಪಂದ್ಯ ಸಮನಾಯಿತು. ಇಂಥ ಗಳಿಗೆಯಲ್ಲಿ ನೋಡುವವರ ಬಾಯಿಂದ ಏನು ಬರುತ್ತದೆಂದು ಗಮನಿಸಿದ್ದೀರಾ? ಬೈಗುಳ, ಅಡ್ಡ ಹೆಸರು, ಕೆಲವರ ಬಾಯಲ್ಲಿ ಸಂಶಯ. ಹುಜುರಾತ್ ಅಧ್ಯಾಯದ 11 ಮತ್ತು 12ನೆಯ ವಚನಗಳಲ್ಲಿ ಅಲ್ಲಾಹನು ತಡೆದಿರುವುದು ಇವನ್ನೇ: ಅಪಹಾಸ್ಯ, ಅಡ್ಡ ಹೆಸರು, ಕೆಟ್ಟ ಗುಮಾನಿ. ಆ ವಚನಗಳಲ್ಲಿ ಆಟದ ಸಮಯಕ್ಕೆ ರಿಯಾಯಿತಿ ಇಲ್ಲ. ನಮ್ಮ ಮಕ್ಕಳ ಮೇಲೆ ಗುಮಾನಿ ಪಟ್ಟರೆ ನಮಗೆಷ್ಟು ನೋವಾಗುತ್ತದೆಯೋ, ರೆಫರಿಯನ್ನೋ ಎದುರಾಳಿಯನ್ನೋ ನಾವು ಹಳಿಯುವಾಗ ಆ ನೋವನ್ನು ನೆನೆಯಬೇಕು. ತರಬೇತುದಾರರು ಅನ್ವರ್ ಅಲಿಯವರನ್ನು ಕೈಬಿಡಲಿಲ್ಲ. ಒಂದು ವಾರದ ಮೇಲೆ ಫೈನಲ್‌ನಲ್ಲಿ, ಅದೇ ಕುವೈತ್ ಎದುರು, ಅವರನ್ನೇ ಆಡಲಿಳಿಸಿದರು.

ಆ ಫೈನಲ್ 1-1ರಲ್ಲಿ ನಿಂತು, ಪೆನಾಲ್ಟಿಯಲ್ಲಿ ಭಾರತ 5-4ರಿಂದ ಗೆದ್ದಿತು. ಗೋಲ್‌ಕೀಪರ್ ಗುರುಪ್ರೀತ್ ಸಿಂಗ್ ಸಂಧು ಕೊನೆಯ ಒದೆತವನ್ನು ತಡೆದರು. ಗೆದ್ದ ದಿನ ಹೇಗಿರಬೇಕು, ಸೋತ ದಿನ ಹೇಗಿರಬೇಕು? ಪ್ರವಾದಿ(ಸ)ಯವರ ಒಂಟೆ ಅಝ್ಬಾ ಓಟದಲ್ಲಿ ಸೋತದ್ದೇ ಇರಲಿಲ್ಲ. ಒಬ್ಬ ಹಳ್ಳಿಗ ಎಳೆಯ ಒಂಟೆಯ ಮೇಲೆ ಬಂದು ಅದನ್ನು ಹಿಂದೆ ಹಾಕಿದ. ಸಹಾಬಿಗಳಿಗೆ ಅದು ಬಹಳ ಭಾರವಾಯಿತು. ಪ್ರವಾದಿ(ಸ)ಯವರೋ, ಲೋಕದಲ್ಲಿ ಮೇಲೇರಿದ್ದನ್ನು ಕೆಳಗಿಳಿಸುವುದು ಅಲ್ಲಾಹನ ಕ್ರಮವೆಂದು ತಿಳಿಸಿ ಅವರನ್ನು ಸಮಾಧಾನಪಡಿಸಿದರು (ಬುಖಾರಿ). ನಮ್ಮ ಕುಸ್ತಿ ಕಣಗಳಲ್ಲಿ ಬಿದ್ದ ಪೈಲವಾನನನ್ನು ಗೆದ್ದವನೇ ಕೈ ಹಿಡಿದು ಎಬ್ಬಿಸುವುದನ್ನು ನೀವು ನೋಡಿಯೇ ಇದ್ದೀರಿ.

ಇನ್ನು ಹಣದ ಮಾತು. ಮಾಇದ ಅಧ್ಯಾಯದ 90 ಮತ್ತು 91ನೆಯ ವಚನಗಳು ಜೂಜನ್ನು ಮದ್ಯದ ಜೊತೆಗೇ ಹೆಸರಿಸಿವೆ. ಅದು ದ್ವೇಷ ಬಿತ್ತುತ್ತದೆ, ನಮಾಝಿನಿಂದ ತಡೆಯುತ್ತದೆ ಎಂದಿವೆ. ಮೊಬೈಲಿನಲ್ಲಿ ತಂಡ ಕಟ್ಟಿ ಹಣ ಹೂಡುವ ಆಟಕ್ಕೆ "ಕೌಶಲ್ಯ" ಎಂದು ಹೆಸರಿಟ್ಟು ಬಹಳ ಹುಡುಗರು ಕೈ ಸುಟ್ಟುಕೊಂಡರು. 2025ರ ಆಗಸ್ಟ್‌ನಲ್ಲಿ ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸುವ ಕಾನೂನು ದೇಶದಲ್ಲಿ ಬಂತು. ಚಹಾದಂಗಡಿಯ ಬಾಜಿಗೆ ಕಾನೂನಿನ ಕಣ್ಣು ತಲುಪುವುದಿಲ್ಲ. ಸೋತವರು ಬಿರಿಯಾನಿ ಕೊಡಿಸಬೇಕೆಂದು ಎರಡೂ ಕಡೆಯವರು ಕಟ್ಟುವ ಪಂಥವೂ ಜೂಜೇ. ಯಾರ ಗೆಲುವಿಗೂ ತಳುಕು ಹಾಕದೆ ನೀವಾಗಿ ಎಲ್ಲರಿಗೂ ಚಹಾ ಕುಡಿಸಿ, ಅದಕ್ಕೆ ಅಡ್ಡಿಯಿಲ್ಲ.

ನಮಾಝಿನ ವಿಷಯದಲ್ಲಿ ಮಕ್ಕಳಿಗೆ ಉಪದೇಶ ಕೊಡುವ ಮೊದಲು ಗಡಿಯಾರ ನೋಡಿ. ಆ ಫೈನಲ್ ರಾತ್ರಿ ಏಳೂವರೆಗೆ ಶುರುವಾಯಿತು. ಜುಲೈಯಲ್ಲಿ ನಮ್ಮ ಕಡೆ ಮಗ್ರಿಬ್ ಏಳು ದಾಟಿದ ಮೇಲೆ. ಇಶಾದ ಬಾಂಗ್ ಪಂದ್ಯದ ನಡುವೆಯೇ ಬಂತು. 2022ರ ಕತಾರ್ ವಿಶ್ವಕಪ್‌ನಲ್ಲಿ ಹಲವು ಪಂದ್ಯಗಳು ನಮ್ಮ ರಾತ್ರಿ ಹನ್ನೆರಡೂವರೆಗೆ ಶುರುವಾಗಿ ಎರಡೂವರೆಯ ಹೊತ್ತಿಗೆ ಮುಗಿಯುತ್ತಿದ್ದವು. ಅವನ್ನು ನೋಡಿ ಮಲಗಿದವರಿಗೆ ಫಜ್ರ್ ಸಿಕ್ಕಿತೇ ಎಂಬುದು ಅವರವರಿಗೇ ಗೊತ್ತು. ಪಂದ್ಯಾವಳಿ ಬರುವ ಮೊದಲೇ ಮನೆಯಲ್ಲಿ ಕೂತು ತೀರ್ಮಾನಿಸಿ: ಹನ್ನೆರಡೂವರೆಯ ಪಂದ್ಯ ಬೇಡ, ಬೆಳಿಗ್ಗೆ ಫಲಿತಾಂಶ ಓದಿದರೆ ಸಾಕು. ಸಂಜೆಯ ಪಂದ್ಯವಾದರೆ ಬಾಂಗ್ ಆದೊಡನೆ ತಂದೆ ಎದ್ದು ವುಝೂ ಮಾಡಿ ಚಪ್ಪಲಿ ಮೆಟ್ಟಲಿ. ಮಗನನ್ನು ಗದರಬೇಕಾಗಿಲ್ಲ, "ಬಾ, ಹೋಗಿ ಬರೋಣ" ಎಂದರಾಯಿತು. ದಾರಿಯಲ್ಲಿ ಅವನು ಆಟದ ಮಾತಾಡಿದರೆ ಆಡಲಿ ಬಿಡಿ.