ಆಮಶಂಕೆಯ ರೋಗಾಣು ಕರುಳನ್ನು ಹೊಗುವ ಬಗೆ

ಮಲದಲ್ಲಿ ರಕ್ತವೂ ಲೋಳೆಯೂ ಬೀಳುವ ಬೇನೆಗೆ ಆಮಶಂಕೆಯೆಂದು ಹೆಸರು. ಅದನ್ನು ಉಂಟುಮಾಡುವ ಒಂದು ಬ್ಯಾಕ್ಟೀರಿಯವನ್ನು 1897ರಲ್ಲಿ ಜಪಾನಿನ ಕಿಯೋಷಿ ಷಿಗಾ ಅವರು ಗುರುತಿಸಿದರು. ಅವರಿಂದಲೇ ಅದಕ್ಕೆ ಷಿಗೆಲ್ಲಾ ಎಂಬ ಹೆಸರು ಬಂದಿತು. ಕಾಲರಾ ರೋಗಾಣು ಕರುಳಿನ ಒಳಮೈಗೆ ಅಂಟಿಕೊಂಡು ಹೊರಗಿನಿಂದಲೇ ವಿಷವನ್ನು ಸುರಿಯುತ್ತದೆ. ಷಿಗೆಲ್ಲಾ ಹಾಗಲ್ಲ; ಜೀವಕೋಶದೊಳಕ್ಕೇ ನುಗ್ಗುತ್ತದೆ. ಈಜಲು ಬಾಲವೂ ಇಲ್ಲದ ಈ ಜೀವಿಗೆ ನುಗ್ಗುವ ಬಲವೆಲ್ಲಿಯದು? ಭೌತವಿಜ್ಞಾನದ ವಿದ್ಯಾರ್ಥಿ ಮೊದಲು ಕೇಳಬೇಕಾದ ಪ್ರಶ್ನೆಯಿದು.

ಬಲವು ಜೀವಕೋಶದ್ದೇ! ರೋಗಾಣು ಸೂಜಿಯಂತಹ ಟೊಳ್ಳು ನಳಿಕೆಗಳನ್ನು ಕೋಶದ ಪೊರೆಗೆ ತಾಗಿಸಿ, ಅವುಗಳ ಮೂಲಕ ಕೆಲವು ಪ್ರೋಟೀನುಗಳನ್ನು ಒಳಗೆ ಸೇರಿಸುತ್ತದೆ. ಕೋಶಕ್ಕೆ ಆಕಾರ ಕೊಡುವ ಆಕ್ಟಿನ್ ಎಳೆಗಳು ಇವುಗಳ ಪ್ರಭಾವದಿಂದ ಅಲ್ಲಿಯೇ ಹೊಸದಾಗಿ ಹೆಣೆದುಕೊಳ್ಳುತ್ತವೆ. ಪೊರೆಯು ಮಡಿಕೆಯಾಗಿ ಮೇಲೆದ್ದು ರೋಗಾಣುವನ್ನು ಸುತ್ತಿ ನುಂಗಿಬಿಡುತ್ತದೆ. ಒಳಸೇರಿದೊಡನೆ ಅದು ಆ ಹೊದಿಕೆಯನ್ನು ಹರಿದುಕೊಳ್ಳುತ್ತದೆ.

ಮುಂದಿನ ಸಂಗತಿ ಇನ್ನೂ ಸ್ವಾರಸ್ಯವಾದುದು. ಅದರ ಒಂದು ತುದಿಯಲ್ಲಿ ಮಾತ್ರ ಆಕ್ಟಿನ್ ಎಳೆಗಳು ಧೂಮಕೇತುವಿನ ಬಾಲದಂತೆ ಬೆಳೆಯುತ್ತವೆ; ಆ ಬೆಳವಣಿಗೆಯೇ ಅದನ್ನು ಮುಂದಕ್ಕೆ ತಳ್ಳಿ ನೆರೆಯ ಕೋಶಕ್ಕೆ ದಾಟಿಸುತ್ತದೆ. ಹೀಗೆ ದಾಟುವಾಗ ಅದು ಹೊರಗೆ ಬರುವುದೇ ಇಲ್ಲವಾದುದರಿಂದ ದೇಹದ ಪ್ರತಿಕಾಯಗಳ ಕೈಗೆ ಸಿಕ್ಕುವುದೂ ಇಲ್ಲ. ನೂರಕ್ಕಿಂತ ಕಡಿಮೆ ರೋಗಾಣುಗಳು ಹೊಟ್ಟೆಗೆ ಹೋದರೂ ಬೇನೆ ಬರಬಹುದು. ಕಾಲರಾಕ್ಕೆ ಇದಕ್ಕಿಂತ ಎಷ್ಟೋ ಪಾಲು ಹೆಚ್ಚು ಬೇಕು.