ಟ್ರೇಲರ್ ಎಳೆಯುವಾಗ ಭಾರ ಎಲ್ಲಿರಬೇಕು?



ಹೊರಗಿನ ಊಟದ ಆರ್ಡರ್ ಹಿಡಿಯುವ ನಮ್ಮಲ್ಲಿ ಕೆಲವರು ಟೆಂಪೋ ಬಾಡಿಗೆ ಉಳಿಸಲು ಜೀಪಿನ ಹಿಂದೆ ಎರಡು ಗಾಲಿಯ ಟ್ರೇಲರ್ ಕಟ್ಟುತ್ತಾರೆ. ಪುಣೆಯಿಂದ ಮುಂಬಯಿ ಕಡೆ ಖಂಡಾಲಾ ಘಾಟಿ ಇಳಿಯುವಾಗ ಅದು ಅತ್ತಿತ್ತ ಅಲ್ಲಾಡತೊಡಗಿದರೆ ಜೀಪನ್ನೂ ಒಳಗಿನ ಹುಡುಗರನ್ನೂ ಉರುಳಿಸೀತು.

ಅಲ್ಲಾಟಕ್ಕೆ ಮುಖ್ಯ ಕಾರಣ ಹಿಂಭಾರ. ಇಳಿಸಲು ಸುಲಭವೆಂದು ಹುಡುಗರು ಗ್ರೈಂಡರನ್ನು ಕೊನೆಗೆ ಬಾಗಿಲ ಬಳಿಯೇ ನೂಕುತ್ತಾರೆ. ಹಾಗೆ ಬಿಡಬಾರದು. ಗ್ರೈಂಡರ್, ಒಲೆ, ಅಕ್ಕಿ ಮೂಟೆ ಎಲ್ಲ ತಳದಲ್ಲಿ, ಗಾಲಿಗಳ ನೇರಕ್ಕೆ, ತುಸು ಮುಂದಕ್ಕೇ ಇರಲಿ. ಒಟ್ಟು ತೂಕದಲ್ಲಿ ನೂರಕ್ಕೆ 7ರಿಂದ 10 ಪಾಲು ಜೀಪಿನ ಕೊಕ್ಕೆಯ ಮೇಲೆ ಬೀಳಬೇಕು. 500 ಕಿಲೋ ಟ್ರೇಲರಿಗೆ 35ರಿಂದ 50 ಕಿಲೋ. ತೂಗಲು ಬೇರೆ ಯಂತ್ರ ಬೇಡ, ನಮ್ಮ ಮೂಟೆ ತೂಗುವ ಕಾಟಾ ಸಾಕು. ಅದರ ಮೇಲೆ ಮರದ ತುಂಡಿಟ್ಟು, ಕೊಕ್ಕೆಯಷ್ಟೇ ಎತ್ತರದಲ್ಲಿ ಟ್ರೇಲರಿನ ಮೂತಿ ಇಟ್ಟು ನೋಡಿರಿ. ಅರ್ಧ ತುಂಬಿದ ನೀರಿನ ಡ್ರಮ್ ಬೇಡವೇ ಬೇಡ. ನೀರು ಹೊಯ್ದಾಡಿದರೆ ನಮ್ಮ ಲೆಕ್ಕವೆಲ್ಲ ಕೆಡುತ್ತದೆ.

ಕೊಕ್ಕೆಯ ಕೆಳಗೆ ಎರಡು ಸರಪಳಿ ಅಡ್ಡಡ್ಡ ಹಾಕಿಸಿ, ಗಾಳಿ ನೋಡಿಸಿ.

ಸಣ್ಣ ಟ್ರೇಲರಿಗೆ ಸಾಮಾನ್ಯವಾಗಿ ಸ್ವಂತ ಬ್ರೇಕ್ ಇರುವುದಿಲ್ಲ, ಇಳಿಜಾರಿನಲ್ಲಿ ಅದು ಜೀಪನ್ನು ನೂಕುತ್ತದೆ. ಆದ್ದರಿಂದ ಇಳಿಯುವ ಮೊದಲೇ ಕೆಳಗಿನ ಗೇರಿಗೆ ಬರಬೇಕು. ಅಲ್ಲಾಡಿದರೆ ಡ್ರೈವರ್ ಗಾಬರಿಯಿಂದ ಬ್ರೇಕ್ ತುಳಿಯುತ್ತಾನೆ, ಇಲ್ಲವೇ ವೇಗ ಹೆಚ್ಚಿಸಿ ನೇರ ಮಾಡಲು ಹೋಗುತ್ತಾನೆ. ಎರಡೂ ಅಪಾಯ. ಆಕ್ಸಿಲರೇಟರ್ ಬಿಟ್ಟು, ಸ್ಟೇರಿಂಗ್ ನೇರ ಹಿಡಿದು, ವೇಗ ತಾನಾಗಿ ಇಳಿಯಲು ಬಿಡಬೇಕು.

ಟ್ರೇಲರಿಗೂ ಆರ್‌ಟಿಓ ನೋಂದಣಿ ಬೇಕು. ಅದರಲ್ಲಿ ಹುಡುಗರನ್ನು ಕೂರಿಸಬೇಡಿ, ಮದುವೆ ಹಾಲ್ ಎಷ್ಟೇ ಹತ್ತಿರವಿದ್ದರೂ.