ಅಂಗಳದ ಚಪ್ಪರಕ್ಕೆ ಯಾವ ಬಳ್ಳಿ?

ಮನೆಯ ಮುಂದೆ ಹೂಬಳ್ಳಿಯೊಂದನ್ನು ಹಬ್ಬಿಸಬೇಕೆಂಬ ಆಸೆ ಹುಟ್ಟಿದೊಡನೆ ಬಹುಮಂದಿ ಹೂವಿನ ಬಣ್ಣವನ್ನು ಕುರಿತು ಯೋಚಿಸತೊಡಗುತ್ತಾರೆ. ಆದರೆ ಬಳ್ಳಿಯ ಆಯ್ಕೆಯಲ್ಲಿ ಬಣ್ಣಕ್ಕೆ ಸಲ್ಲತಕ್ಕದ್ದು ಕಡೆಯ ಸ್ಥಾನ. ನೆಡುವ ಸ್ಥಳದಲ್ಲಿ ಬಿಸಿಲು ಎಷ್ಟು, ಬಳ್ಳಿಯು ಮೇಲೇರುವ ಬಗೆ ಯಾವುದು, ಅದಕ್ಕೆ ನಾವು ಒದಗಿಸಬಲ್ಲ ಆಸರೆ ಎಂಥದು ಎಂಬ ಮೂರು ಪ್ರಶ್ನೆಗಳಿಗೆ ಉತ್ತರ ದೊರೆತ ಮೇಲೆಯೇ ಬಣ್ಣ, ಪರಿಮಳಗಳ ವಿಚಾರ.

ಮೊದಲು ಬಿಸಿಲನ್ನು ನೋಡಬೇಕು. ಸಮೃದ್ಧವಾಗಿ ಹೂ ಬಿಡುವ ಬಳ್ಳಿಗಳಲ್ಲಿ ಹೆಚ್ಚಿನವಕ್ಕೆ ದಿನಕ್ಕೆ ಐದಾರು ಗಂಟೆಗಳ ನೇರ ಬಿಸಿಲು ಅವಶ್ಯಕ. ನಮ್ಮ ಅಕ್ಷಾಂಶದಲ್ಲಿ ಸೂರ್ಯನು ಮೇ, ಜೂನ್ ತಿಂಗಳುಗಳ ಮಧ್ಯಾಹ್ನ ನೆತ್ತಿಯಿಂದ ಉತ್ತರಕ್ಕೂ ಡಿಸೆಂಬರಿನಲ್ಲಿ ಬಹಳವಾಗಿ ದಕ್ಷಿಣಕ್ಕೂ ಸರಿಯುವುದರಿಂದ, ಬೇಸಗೆಯಲ್ಲಿ ಉತ್ತರದ ಗೋಡೆಗೆ ಬೀಳುವ ಬಿಸಿಲನ್ನು ನಂಬಿ ಅಲ್ಲಿ ಕಾಗದದ ಹೂವನ್ನು ನೆಟ್ಟವರು, ಅದು ಹೂ ತುಂಬಿ ನಿಲ್ಲಬೇಕಾದ ಚಳಿಗಾಲದಲ್ಲಿಯೇ ನೆರಳಿನಲ್ಲಿ ಬರಿಯ ಎಲೆಯಾಗಿ ಉಳಿಯುವುದನ್ನು ಕಾಣಬೇಕಾಗುತ್ತದೆ. ಆದುದರಿಂದ ದಕ್ಷಿಣ ಇಲ್ಲವೆ ಪಶ್ಚಿಮದ ಪಾರ್ಶ್ವವೇ ಇಂಥ ಬಳ್ಳಿಗೆ ಪ್ರಶಸ್ತ.

ಎರಡನೆಯದು ಏರುವ ಬಗೆ. ಶಂಖಪುಷ್ಪವು ಕಾಂಡದಿಂದಲೇ ಸುತ್ತಿಕೊಂಡು ಹೋಗುತ್ತದೆ. ಅದಕ್ಕೆ ತೆಳುವಾದ ದಾರ, ಬಿದಿರ ಕಡ್ಡಿ ಸಾಕು. ಬೆಳ್ಳುಳ್ಳಿ ಬಳ್ಳಿ ಕುಡಿಗಳಿಂದ ಹಿಡಿಯುವುದಾದ್ದರಿಂದ ಅದಕ್ಕೆ ತಂತಿಯ ಜಾಲರಿ ಹಿತ, ದಪ್ಪ ಕಂಬವನ್ನು ಅದು ಹಿಡಿಯಲಾರದು. ಕಾಗದದ ಹೂವಾದರೋ ಸುತ್ತುವುದೂ ಇಲ್ಲ, ಹಿಡಿಯುವುದೂ ಇಲ್ಲ. ಮುಳ್ಳುಗಳ ನೆರವಿನಿಂದ ಪಕ್ಕದ ಗಿಡಮರಗಳ ಮೇಲೆ ಒರಗಿ ಏರುವ ಇದನ್ನು ನಾವೇ ಅಲ್ಲಲ್ಲಿ ಕಟ್ಟಿ ನಿಲ್ಲಿಸತಕ್ಕದ್ದು.

ಆಸರೆಯ ಬಲವನ್ನು ಕುರಿತು ಯೋಚಿಸುವಾಗ ನೆನಪಾಗುವುದು ಮಾಧವೀಲತೆ. ಕಾಳಿದಾಸನ ದುಷ್ಯಂತನು ಶಾಕುಂತಲದ ಆರನೆಯ ಅಂಕದಲ್ಲಿ ವಿರಹದಿಂದ ಬೆಂದು ಹೋಗಿ ಕುಳಿತದ್ದು ಮಾಧವೀಮಂಟಪದಲ್ಲಿ. ಮಂಟಪವೆಂಬುದು ಅಲ್ಲಿ ಅಲಂಕಾರದ ಮಾತಲ್ಲ, ವರ್ಷಗಳು ಕಳೆದಂತೆ ಮರದಷ್ಟೇ ಗಟ್ಟಿಯಾಗುವ ಈ ಬಳ್ಳಿಗೆ ಕಲ್ಲಿನ ಕಂಬವೋ ಕಬ್ಬಿಣದ ಕಮಾನೋ ಬೇಕೇ ಬೇಕು. ಅಂಚು ಜಾಲರಿಯಂತೆ ಸೀಳಿದ ಐದು ಬಿಳಿಯ ಎಸಳುಗಳಲ್ಲಿ ಒಂದಕ್ಕೆ ಮಾತ್ರ ಹಳದಿಯ ಲೇಪ. ವಸಂತದಲ್ಲಿ ಇದರ ಪರಿಮಳವನ್ನು ಒಮ್ಮೆ ಅನುಭವಿಸಿದವರು ಬೇರೊಂದನ್ನು ಆರಿಸಲು ಹಿಂಜರಿದಾರು. ವಿಶಾಲವಾದ ಹಿತ್ತಲುಳ್ಳವರು ನಮ್ಮದೇ ನಾಡಿನ ಈ ಬಳ್ಳಿಯನ್ನು ಮರೆತಿರುವುದು ನನಗೆ ನಿಜವಾಗಿಯೂ ದುಃಖದ ಸಂಗತಿ.

ಮಲೆನಾಡಿನವರಿಗೆ, ಮೈಸೂರಿನ ಹೆಸರನ್ನೇ ಹೊತ್ತ ಥನ್‌ಬರ್ಜಿಯಾ ಮೈಸೊರೆನ್ಸಿಸ್ ಬಳ್ಳಿಯನ್ನು ಸೂಚಿಸುತ್ತೇನೆ. ಪಶ್ಚಿಮಘಟ್ಟದ ಈ ಬಳ್ಳಿಯ ಹೊರಗೆ ಕೆಂಗಂದು, ಒಳಗೆ ಹಳದಿಯಾದ ಹೂಗಳು ಉದ್ದನೆಯ ಮಾಲೆಗಳಾಗಿ ಕೆಳಕ್ಕೆ ಇಳಿಬೀಳುತ್ತವೆ. ಸೂರಕ್ಕಿಗಳು ಮಕರಂದಕ್ಕಾಗಿ ಅವುಗಳಿಗೆ ಜೋತುಬೀಳುತ್ತವೆ. ಮಾಲೆಗಳು ತಲೆಗೆ ತಗಲದಂತೆ ಚಪ್ಪರವು ಎಂಟು ಅಡಿಗಿಂತ ಕಡಿಮೆಯಿರಕೂಡದು. ಇದರ ಬಂಧುವಾದ ನೀಲಿಯ ಥನ್‌ಬರ್ಜಿಯಾ ಗ್ರಾಂಡಿಫ್ಲೋರಾ ಮರಗಳನ್ನೇ ಮುಚ್ಚಿ ಹಾಕುವಷ್ಟು ಪ್ರಬಲವಾದುದರಿಂದ ಸಣ್ಣ ತೋಟಕ್ಕೆ ತರಲಾಗದು. ಬಯಲುಸೀಮೆಗೆ ಕಾಗದದ ಹೂವಿಗಿಂತ ಮಿಗಿಲಾದುದಿಲ್ಲ. ನೀರು ಹೆಚ್ಚಾದರೆ ಅದು ಎಲೆ ಬಿಡುತ್ತದೆ, ಮಣ್ಣು ಒಣಗಿದಾಗ ಹೂ ಬಿಡುತ್ತದೆ. ಸಂಜೆ ಹೊರಗೆ ಕುಳಿತುಕೊಳ್ಳುವವರಿಗೆ ಮಧುಮಾಲತಿ: ಮುಸ್ಸಂಜೆಯಲ್ಲಿ ಬೆಳ್ಳಗೆ ಬಿರಿದ ಹೂ ಮರುದಿನ ನಸುಗೆಂಪಾಗಿ ಬಳಿಕ ಕಡುಗೆಂಪಾಗುವುದರಿಂದ ಒಂದೇ ಗೊಂಚಲಿನಲ್ಲಿ ಮೂರೂ ವರ್ಣಗಳು ಕಾಣಸಿಗುತ್ತವೆ.

ಎಳೆಯ ಮಕ್ಕಳಿರುವ ಮನೆಯಲ್ಲಿ ಗೌರಿಹೂವನ್ನು ನೆಡಬೇಡಿ. ಅದರ ಗೆಡ್ಡೆ ಪ್ರಾಣಾಂತಿಕ ವಿಷ. ಅಲಮಂಡದ ಹಾಲೂ ಹಾನಿಕರ.

ನೆಡಲು ಮುಂಗಾರಿನ ಆರಂಭ ಸೂಕ್ತ. ಆಸರೆಯನ್ನು ಮೊದಲೇ ನಿಲ್ಲಿಸಿ, ಗೋಡೆಗೂ ತಂತಿಗೂ ನಡುವೆ ಗಾಳಿಯಾಡಲು ನಾಲ್ಕು ಬೆರಳ ಅಂತರವಿಟ್ಟು, ಗೋಡೆಯಿಂದ ಒಂದಡಿಯಾಚೆಗೆ ಒಂದೂವರೆ ಅಡಿ ಉದ್ದ, ಅಗಲ, ಆಳದ ಗುಂಡಿ ತೆಗೆದು, ಮಣ್ಣಿನೊಂದಿಗೆ ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರವನ್ನೂ ಹಿಡಿ ಬೇವಿನ ಹಿಂಡಿಯನ್ನೂ ಬೆರೆಸಿ, ಸಸಿಯನ್ನು ಆಸರೆಯ ಕಡೆಗೆ ತುಸು ಬಾಗಿಸಿ ನೆಡಬೇಕು. ಶಂಖಪುಷ್ಪದ ಬೀಜವನ್ನು ರಾತ್ರಿ ನೀರಿನಲ್ಲಿ ನೆನೆಸಿ ಬಿತ್ತಿದರೆ ಬೇಗ ಮೊಳೆಯುತ್ತದೆ.

ಬಳ್ಳಿ ಬೆಳೆಯತೊಡಗಿದ ಮೇಲೆ ಅದನ್ನು ನೆಟ್ಟಗೆ ಮೇಲಕ್ಕೆ ಬಿಡುವುದಕ್ಕಿಂತ ಕೊಂಬೆಗಳನ್ನು ಅಡ್ಡಡ್ಡಲಾಗಿ ಬಾಗಿಸಿ ಕಟ್ಟುವುದು ಲೇಸು. ತುದಿಯ ಮೊಗ್ಗಿನ ಅಧಿಕಾರವು ಕುಗ್ಗಿ, ಪ್ರತಿ ಗೆಣ್ಣಿನಿಂದಲೂ ಪಕ್ಕದ ಚಿಗುರುಗಳು ಹೊರಟು, ಕೆಳಗಿನಿಂದ ಮೇಲಿನವರೆಗೂ ಹೂ ಕಾಣುತ್ತದೆ. ಕಾಗದದ ಹೂವನ್ನು ಒಂದು ಸುತ್ತು ಹೂ ಮುಗಿದೊಡನೆ ಸವರಬೇಕು. ಮಾಧವಿಯನ್ನು ವಸಂತ ಕಳೆಯುವವರೆಗೆ ಮುಟ್ಟಕೂಡದು. ಜಾಜಿ ಹೊಸ ಚಿಗುರಿನಲ್ಲಿ ಹೂ ಬಿಡುವುದಾದ್ದರಿಂದ ಡಿಸೆಂಬರ್, ಜನವರಿಯಲ್ಲಿ ಒಣಗಿದ ಕಡ್ಡಿಗಳನ್ನು ತೆಗೆದು, ಉಳಿದವನ್ನು ಮೊಟಕುಮಾಡಿ, ಬುಡಕ್ಕೆ ಗೊಬ್ಬರ ಹಾಕಿ ನೀರು ಕೊಡತಕ್ಕದ್ದು.